ಸಿಂಕಿನ ಬಾಯಿ ನಾರುತ್ತೆ, ಸ್ವಾಮಿ!

ಅಮೆರಿಕದಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಕೈ ತೊಳೆಯಲು ಬಾತ್‌ರೂಮಿಗೇ ಹೋಗಿ. ಅಡುಗೆಮನೆಯ ಸಿಂಕಿನ ಹತ್ತಿರ ಸುಳಿಯಬೇಡಿ. ಸುಳಿದಿರೋ, ಆ ಮನೆಯಲ್ಲಿ ವಾರವಿಡೀ ಏನೇನು ಬೇಯಿತು ಎನ್ನುವ ಪೂರ್ತಿ ವರದಿ ಮೂಗಿಗೆ ಬಡಿಯುತ್ತದೆ. ಸೋಮವಾರದ ಹುಳಿ, ಬುಧವಾರದ ಮೊಸರುಬಜ್ಜಿ, ಶುಕ್ರವಾರ ಹುಳಿ ಬಂದು ಹೋಯಿತೆಂದು ಚೆಲ್ಲಿದ ದೋಸೆಹಿಟ್ಟು. ಮನೆಯಾಕೆ ದೇವರ ಮುಂದೆ ಊದುಬತ್ತಿ, ಸೋಫಾ ಪಕ್ಕ ವೆನಿಲ್ಲಾ ಮೇಣದಬತ್ತಿ, ಮೂಲೆಯಲ್ಲೊಂದು ಸೆಂಟು ಉಗುಳುವ ಡಬ್ಬಿ ಎಲ್ಲ ಇಟ್ಟಿರುತ್ತಾಳೆ. ಆದರೂ ಅವೆಲ್ಲವನ್ನೂ ದಾಟಿಕೊಂಡು ಅದು ಬಂದೇ ಬರುತ್ತದೆ. ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. "ಇಂಗು ಒಂದು ಚಿಟಿಕೆ ಜಾಸ್ತಿ ಬಿತ್ತು ಅನ್ಸುತ್ತೆ" ಎಂದು ಮನೆಯಾಕೆ ನಗುತ್ತಾಳೆ. ಪಾಪ, ಇಂಗು ಯಾರ ತಂಟೆಗೂ ಹೋಗಿರುವುದಿಲ್ಲ. ತಪ್ಪಿತಸ್ಥ ಸಿಂಕಿನ ಕೆಳಗೆ ಕತ್ತಲಲ್ಲಿ ಬಾಯಿ ತೆರೆದುಕೊಂಡು ಕೂತಿದ್ದಾನೆ. ಅವನ ಹೆಸರು ಗಾರ್ಬೇಜ್ ಡಿಸ್ಪೋಸಲ್.

ಇದನ್ನು ಕಾಣದೆ ನೆಮ್ಮದಿಯಾಗಿರುವ ಊರಿನವರಿಗಾಗಿ ಎರಡು ಮಾತು. ಇಲ್ಲಿಯ ಅಡುಗೆಮನೆಯ ಸಿಂಕಿನ ತೂತಿಗೆ ನಮ್ಮಲ್ಲಿಯ ಹಾಗೆ ಸ್ಟೀಲಿನ ಜಾಲರಿ ಇರುವುದಿಲ್ಲ. ಕಪ್ಪು ರಬ್ಬರಿನ ಪಕಳೆಗಳಿರುತ್ತವೆ. ಅವುಗಳ ಕೆಳಗೆ ಸಣ್ಣ ಬಿಂದಿಗೆ ಗಾತ್ರದ ಯಂತ್ರವೊಂದು ನೇತಾಡುತ್ತಿರುತ್ತದೆ. ನಲ್ಲಿ ಬಿಟ್ಟು, ಗೋಡೆಯ ಸ್ವಿಚ್ ಒತ್ತಿದರೆ ಗುರ್ರೆಂದು ತಿರುಗಿ, ತಟ್ಟೆಯಲ್ಲಿ ಉಳಿದದ್ದನ್ನು ಪುಡಿ ಮಾಡಿ ಮೋರಿಗೆ ದಾಟಿಸುತ್ತದೆ. ಆ ಸ್ವಿಚ್ಚನ್ನು ಸಿಂಕಿನ ದೀಪದ ಸ್ವಿಚ್ಚಿನ ಪಕ್ಕದಲ್ಲೇ ಇಡಬೇಕು ಎಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಗೊತ್ತಿಲ್ಲ. ನಮ್ಮತ್ತೆ ಬಂದ ಹೊಸದರಲ್ಲಿ, ಎಲ್ಲರೂ ಮಲಗಿರುವಾಗ ಸದ್ದಿಲ್ಲದೆ ಡಿಕಾಕ್ಷನ್ ಹಾಕಿಡೋಣವೆಂದು ಎದ್ದು ದೀಪಕ್ಕಾಗಿ ತಡಕಾಡಿ ಅದನ್ನೇ ಒತ್ತಿಬಿಟ್ಟರು. ಮನೆಯೆಲ್ಲ ಎದ್ದು ಕೂತಿತು. "ಸಿಂಕಿನೊಳಗೆ ಏನೋ ಸೇರ್ಕೊಂಡಿದೆ ಕಣೇ, ನನ್ನ ಮೇಲೇ ಬಂತು" ಎಂದು ಎದೆ ಹಿಡಿದುಕೊಂಡಿದ್ದರು. ಅಂದಿನಿಂದ ಅವರು ಬೆಳಗಿನ ಕಾಫಿ ಮಾಡುವುದು ಮೊಬೈಲಿನ ಬೆಳಕಲ್ಲೇ.

ಮಾವನವರದು ಬೇರೆ ಬಗೆ. ಪಿಡಬ್ಲ್ಯೂಡಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಯಾವುದನ್ನೇ ಆಗಲಿ ಮೊದಲು ತಪಾಸಣೆ ಮಾಡಬೇಕು, ಆಮೇಲೆ ಟೀಕೆ ಮಾಡಬೇಕು. "ಯಾರು ಕಂಡುಹಿಡಿದದ್ದಮ್ಮ ಇದನ್ನ?" ಎಂದರು. ವಿಸ್ಕಾನ್ಸಿನ್ ರಾಜ್ಯದ ರಸೀನ್ ಎಂಬ ಊರಿನ ಜಾನ್ ಹ್ಯಾಮ್ಸ್, 1927ರಲ್ಲಿ ಎಂದೆ. 1935ರಲ್ಲಿ ಪೇಟೆಂಟ್ ಸಿಕ್ಕಿತು, 1938ರಲ್ಲಿ ಕಂಪನಿ ಶುರುವಾಯಿತು, ಇನ್‌ಸಿಂಕರೇಟರ್ ಎನ್ನುವ ಆ ಹೆಸರು ಇಂದಿಗೂ ಅರ್ಧ ಅಮೆರಿಕದ ಸಿಂಕಿನ ಕೆಳಗಿದೆ ಎಂದೂ ಸೇರಿಸಿದೆ. "ಮೆಕ್ಯಾನಿಕಲ್ಲೋ?" "ಅಲ್ಲ ಮಾವ, ಆರ್ಕಿಟೆಕ್ಟು." ಮಾವನವರ ಮುಖ ಅರಳಿತು. ಸರ್ವೀಸಿನುದ್ದಕ್ಕೂ ಆರ್ಕಿಟೆಕ್ಟುಗಳ ಜೊತೆ ಜಗಳವಾಡಿದವರಲ್ಲವೇ? "ಅದಕ್ಕೇ ನಾರ್ತಾ ಇದೆ. ಅವರು ಚೆಂದ ನೋಡ್ತಾರೆ, ಡ್ರೈನೇಜ್ ಯಾವತ್ತು ನೋಡಿದ್ದಾರೆ!" ಎಂದು ತೀರ್ಪು ಕೊಟ್ಟರು. ನ್ಯೂಯಾರ್ಕ್ ನಗರದ ಬಹುಪಾಲು ಕಡೆ 1997ರವರೆಗೂ ಇದನ್ನು ಮನೆಗೆ ಹಾಕಿಸಿಕೊಳ್ಳುವಂತೆಯೇ ಇರಲಿಲ್ಲ; ಮಳೆನೀರೂ ಮನೆಯ ಕೊಳಚೆಯೂ ಒಂದೇ ಕೊಳವೆಯಲ್ಲಿ ಹರಿಯುವ ಹಳೆಯ ಊರು, ಇದೊಂದು ಹೊರೆ ಬೇರೆ ಏಕೆ ಎಂದು ಅಲ್ಲಿಯವರು ಹೆದರಿದ್ದರು ಎಂದೆ. ಮಾವನವರಿಗೆ ನ್ಯೂಯಾರ್ಕಿನ ಮೇಲೆ ಅಭಿಮಾನ ಉಕ್ಕಿತು.

ಈಗ ನಮ್ಮ ಮನೆಯವರ ವಿಷಯಕ್ಕೆ ಬರೋಣ. ನಮ್ಮ ಮನೆಯವರು ಯೂಟ್ಯೂಬ್ ನೋಡುತ್ತಾರೆ. ಅಷ್ಟು ಹೇಳಿದರೆ ತಿಳಿದವರಿಗೆ ತಿಳಿಯಿತು. ವಾಸನೆ ಬಂತೆಂದರೆ ಫ್ರಿಜ್ಜಿನಿಂದ ಒಂದು ಬೋಗುಣಿ ಐಸ್ ತಂದು ಸಿಂಕಿಗೆ ಸುರಿದು ಸ್ವಿಚ್ ಒತ್ತುತ್ತಾರೆ. ಕಲ್ಲು ಒಡೆಯುವ ಕ್ವಾರಿಯ ಸದ್ದು. "ಏನ್ರೀ ಇದು?" "ಬ್ಲೇಡ್ ಹರಿತ ಆಗುತ್ತೆ." ಬ್ಲೇಡ್ ಇದ್ದರಲ್ಲವೇ ಹರಿತ ಆಗುವುದು! ಈ ಯಂತ್ರದ ಬಗ್ಗೆ ಹಬ್ಬಿರುವ ಅತಿ ದೊಡ್ಡ ಕಟ್ಟುಕಥೆ ಇದೇ. ಒಳಗೆ ಬ್ಲೇಡೇ ಇಲ್ಲ. ತಳದಲ್ಲಿ ಒಂದು ಲೋಹದ ತಟ್ಟೆ ಇದೆ, ಅದರ ಮೇಲೆ ಎರಡು ಮೊಂಡು ಲೋಹದ ತುಂಡುಗಳಿವೆ. ತಟ್ಟೆ ನಿಮಿಷಕ್ಕೆ ಸಾವಿರದೇಳುನೂರು ಸುತ್ತಿನ ಆಸುಪಾಸು ತಿರುಗುತ್ತದೆ, ಕೆಲವು ಇನ್ನೂ ಜೋರು. ಬಿದ್ದದ್ದೆಲ್ಲ ಅಂಚಿಗೆ ಎಸೆಯಲ್ಪಟ್ಟು, ಸುತ್ತಲಿನ ಗೋಡೆಯಲ್ಲಿರುವ ತುರಿಮಣೆಯಂಥ ಬಳೆಗೆ ಉಜ್ಜಿಕೊಂಡು ಸಣ್ಣಗಾಗಿ ನೀರಿನ ಜೊತೆ ಜಾರಿಹೋಗುತ್ತದೆ. ಶಕ್ತಿಯೂ ಅಂಥದ್ದೇನಲ್ಲ. ಸಾಮಾನ್ಯ ಮನೆಗಳಲ್ಲಿರುವುದು ಅರ್ಧ ಹಾರ್ಸ್‌ಪವರಿನದು, ಅಂದರೆ ಸುಮಾರು 370 ವಾಟ್. ನಮ್ಮ ಮಿಕ್ಸಿ ಡಬ್ಬದ ಮೇಲೆ 750 ಎಂದು ಬರೆದಿರುತ್ತದೆ! ಅದರ ಗಂಟಲು ಕೇಳಿ ಮೋಸಹೋಗಬೇಡಿ.

ಹಾಗಂತ ಐಸ್ ಪೂರಾ ದಂಡವೇನಲ್ಲ. ಒಂದು ಹಿಡಿ ಕಲ್ಲುಪ್ಪಿನ ಜೊತೆ ತಿರುಗಿಸಿದರೆ ಒಳಗೋಡೆಗೆ ಅಂಟಿದ ಜಿಡ್ಡನ್ನು ಬಡಿದು ಉದುರಿಸುತ್ತದೆ. ಆದರೆ ನಾತದ ಮನೆ ಅಲ್ಲಿಲ್ಲವಲ್ಲ!

ಎಲ್ಲಿದೆ ಎಂದು ತೋರಿಸುತ್ತೇನೆ ಬನ್ನಿ, ಊಟವಾಗಿದ್ದರೆ. ಮೊದಲು ಸ್ವಿಚ್ ಆಫ್ ಮಾಡಿ. ಅಷ್ಟು ಸಾಲದು, ಸಿಂಕಿನ ಕೆಳಗಿನ ಕಪಾಟು ತೆಗೆದು ಪ್ಲಗ್ಗನ್ನೂ ಕಿತ್ತಿಡಿ. ನೇರವಾಗಿ ವೈರ್ ಎಳೆದಿದ್ದರೆ ಬ್ರೇಕರ್ ಇಳಿಸಿ. ಮನೆಯಲ್ಲಿ ದೀಪದ ಸ್ವಿಚ್ ತಡಕುವ ಅತ್ತೆ ಇದ್ದಾರೆ ಎನ್ನುವುದನ್ನು ಮರೆಯಬೇಡಿ. ಈಗ ಆ ಕಪ್ಪು ರಬ್ಬರಿನ ಪಕಳೆಯೊಂದನ್ನು ಮೆಲ್ಲಗೆ ಮೇಲಕ್ಕೆ ಮಡಚಿ ಅದರ ಹಿಂಬದಿ ನೋಡಿ. ಮೇಲುಗಡೆ ಕನ್ನಡಿಯಂತೆ ಹೊಳೆಯುತ್ತಿದ್ದ ರಬ್ಬರು, ಕೆಳಗಡೆ ಬೂದು ಬಣ್ಣದ ಲೋಳೆ ಮೆತ್ತಿಕೊಂಡಿದೆ. ಲೋಳೆಯಲ್ಲಿ ಒಗ್ಗರಣೆಯ ಸಾಸಿವೆ ಕಾಳುಗಳು ಸಾಲಾಗಿ ಹೂತಿವೆ. ಕರಿಬೇವಿನ ನಡುನಾರು ಒಂದು, ಕೊತ್ತಂಬರಿಯ ದಂಟಿನ ಸೀಳು ಒಂದು. ಅಂಚಿನಲ್ಲಿ ಹಳದಿ ಗೆರೆ, ಅದು ಅರಿಶಿನ. ಪಕಳೆಯ ಸೀಳು ಮುಗಿಯುವ ಮೂಲೆಯಲ್ಲಿ ಕಡಲೆಬೇಳೆಯ ಅರ್ಧ ತುಂಡು, ಊದಿಕೊಂಡು, ಮೆತ್ತಗಾಗಿ. ಮೂಗು ಹತ್ತಿರ ತರಬೇಡಿ. ತಂದಿರಾ? ನಾನು ಮೊದಲೇ ಹೇಳಿದ್ದೆ.

ಇದು ಹೇಗಾಗುತ್ತದೆ ಎಂದು ಸ್ವಲ್ಪ ಯೋಚಿಸಿದರೆ ಹೊಳೆಯುತ್ತದೆ. ಯಂತ್ರ ತಿರುಗುವಾಗ ಅರೆದದ್ದು ಮೇಲಕ್ಕೂ ಚಿಮ್ಮುತ್ತದೆ. ನಮ್ಮ ಸೀರೆಗೆ ಹಾರದಿರಲಿ ಎಂದೇ ಆ ರಬ್ಬರು ಇರುವುದು. ಚಿಮ್ಮಿದ್ದೆಲ್ಲ ಅದರ ಅಡಿಗೆ ಬಡಿದು ಕೂರುತ್ತದೆ. ನಾವು ಬಿಡುವ ನೀರೋ, ಮೇಲಿಂದ ಬಿದ್ದು ನಡುವಿನ ತೂತಿನಲ್ಲಿ ಇಳಿದುಹೋಗುತ್ತದೆ. ಅಡಿಭಾಗಕ್ಕೆ ಒಂದು ಹನಿಯೂ ತಗಲುವುದಿಲ್ಲ. ಕತ್ತಲೆ, ತೇವ, ಬೆಚ್ಚಗಿನ ಜಾಗ, ಮೂರು ಹೊತ್ತೂ ಊಟ. ಬ್ಯಾಕ್ಟೀರಿಯಾಗಳಿಗೆ ಇನ್ನೇನು ಬೇಕು? ಇದಕ್ಕೆ ಔಷಧಿ ಒಂದು ಹಳೆಯ ಹಲ್ಲುಜ್ಜುವ ಬ್ರಶ್ಶು, ಪಾತ್ರೆ ತೊಳೆಯುವ ಸೋಪು, ಬಿಸಿನೀರು. ಕೆಲವು ಮಾದರಿಗಳಲ್ಲಿ ರಬ್ಬರು ಮೇಲಿಂದಲೇ ಇಡಿಯಾಗಿ ಕೈಗೆ ಬರುತ್ತದೆ, ತೊಳೆದು ಮತ್ತೆ ಕೂರಿಸಬಹುದು. ಬಾರದಿದ್ದರೆ ಒಂದೊಂದೇ ಪಕಳೆ ಮಡಚಿ ತಿಕ್ಕಬೇಕು. ರಬ್ಬರು ಕೂತಿರುವ ಅಂಚನ್ನು, ಅದರ ಕೆಳಗೆ ಕೈಗೆಟುಕುವಷ್ಟು ಗೋಡೆಯನ್ನು ಬ್ರಶ್ಶಿನಿಂದಲೇ ಒಂದು ಸುತ್ತು ತಿಕ್ಕಿ. ಹದಿನೈದು ದಿನಕ್ಕೊಮ್ಮೆ ಇಷ್ಟು ಮಾಡುವವರ ಮನೆಯಲ್ಲಿ ಇಂಗಿನ ಮೇಲೆ ಯಾರೂ ಆಪಾದನೆ ಹೊರಿಸುವುದಿಲ್ಲ.

ಆದರೆ ತಿಕ್ಕುವವರು ಯಾರು? ನಮಗೆ ಬೇಕಾದದ್ದು ಚಮತ್ಕಾರ. ಅದಕ್ಕೇ ನಿಂಬೆಹಣ್ಣು. ಇಲ್ಲಿ ಕನ್ನಡ ಕೂಟದ ಯಾವ ಹೆಂಗಸನ್ನು ಕೇಳಿದರೂ ಮೊದಲು ಹೇಳುವುದು ಅದನ್ನೇ. ನಿಂಬೆ ಸಿಪ್ಪೆಯ ಎಣ್ಣೆ ಅರ್ಧ ದಿನ ಘಮ್ಮೆನ್ನುತ್ತದೆ, ನಿಜ. ಅಡಿಯಲ್ಲಿರುವ ಲೋಳೆ ಅಡಿಯಲ್ಲೇ ಇರುತ್ತದೆ. ಹಲ್ಲುಜ್ಜದೆ ಏಲಕ್ಕಿ ಅಗಿದು ಮದುವೆಗೆ ಹೊರಟ ಹಾಗೆ ಅದು. ಒಮ್ಮೆ ನಮ್ಮ ಮನೆಯವರು ಇಡೀ ನಿಂಬೆಹಣ್ಣನ್ನೇ ಕತ್ತರಿಸಿ ಒಳಗೆ ತುರುಕುತ್ತಿದ್ದರು, ಅತ್ತೆ ನೋಡಿಬಿಟ್ಟರು. "ಏನೋ ಮಾಡ್ತಿದ್ದೀಯ? ರಸ ಹಿಂಡಿದ್ಯೇನೋ?" "ಇಲ್ಲಮ್ಮ, ವಾಸನೆಗೆ." "ವಾಸನೆಗೆ ಹಣ್ಣು ಹಾಕ್ತಾರೇನೋ! ರಸಕ್ಕೆ ಚಿತ್ರಾನ್ನ ಆಗ್ತಿತ್ತು, ಸಿಪ್ಪೆಗೆ ಉಪ್ಪಿನಕಾಯಿ ಆಗ್ತಿತ್ತು." ಮಗ ತಣ್ಣಗಾದ. ಅಂದಿನಿಂದ ನಮ್ಮ ಸಿಂಕಿಗೆ ಸಿಗುವುದು ಹಿಂಡಿ ಹಿಪ್ಪೆಯಾದ, ಅತ್ತೆಯೂ ಬೇಡವೆಂದು ಕೈಬಿಟ್ಟ, ಸಣ್ಣ ಚೂರು ಮಾತ್ರ.

ಇನ್ನು ಅಡುಗೆ ಸೋಡಾ ಮತ್ತು ವಿನಿಗರ್ ಜೋಡಿ. ಇದು ಗಂಡಸರಿಗೆ ಅಚ್ಚುಮೆಚ್ಚು, ಏಕೆಂದರೆ ನೊರೆ ಬರುತ್ತದೆ. ಸೋಡಾ ಸುರಿದು ಮೇಲೆ ವಿನಿಗರ್ ಹುಯ್ದರೆ ಭುಸ್ ಎಂದು ಸಿಂಕಿನ ಬಾಯಿಂದ ಬಿಳಿ ನೊರೆ ಉಕ್ಕುತ್ತದೆ; ಸುತ್ತ ನಿಂತವರಿಗೆ ಏನೋ ದೊಡ್ಡ ಶುದ್ಧೀಕರಣ ನಡೆಯಿತು ಎನಿಸುತ್ತದೆ. ಹೈಸ್ಕೂಲಿನ ರಸಾಯನಶಾಸ್ತ್ರ ನೆನಪಿದ್ದವರು ಹೇಳಿ: ಆಮ್ಲ, ಕ್ಷಾರ ಸೇರಿದರೆ ಏನಾಗುತ್ತದೆ? ಒಂದರ ಗುಣವನ್ನು ಇನ್ನೊಂದು ಕೆಡಿಸಿ, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಬೇರೆ ಬೇರೆಯಾಗಿ ಎರಡೂ ಕೆಲಸದವೇ. ಸೋಡಾ ಹಾಕಿ ಬ್ರಶ್ಶಿನಿಂದ ತಿಕ್ಕಿದರೆ ಜಿಡ್ಡು ಬಿಡುತ್ತದೆ. ನೊರೆಯದು ಮನರಂಜನೆ, ಮಕ್ಕಳಿದ್ದರೆ ಮಾಡಿ. ಬ್ಲೀಚ್, ಡ್ರೈನ್ ಕ್ಲೀನರುಗಳ ಸಹವಾಸ ಮಾತ್ರ ಬೇಡ. ರಬ್ಬರಿಗೂ ಲೋಹಕ್ಕೂ ಕೇಡು, ಕಣ್ಣಿಗೆ ಹಾರಿದರೆ ಆಸ್ಪತ್ರೆ. ಬ್ಲೀಚಿಗೆ ವಿನಿಗರ್ ಬೆರೆಸುವ ಸಾಹಸಿಗಳೂ ಇದ್ದಾರೆ. ಬರುವುದು ಕ್ಲೋರಿನ್ ಅನಿಲ. ಇದರಲ್ಲಿ ತಮಾಷೆ ಇಲ್ಲ.

ನಾನು ಮಾಡುವ ಉಪಾಯ ನೀರಸವಾದದ್ದು. ತೂತಿಗೆ ಬಿರಟೆ ಹಾಕಿ, ಸಿಂಕಿನಲ್ಲಿ ಅರ್ಧದಷ್ಟು ಉಗುರುಬೆಚ್ಚಗಿನ ಸೋಪಿನ ನೀರು ತುಂಬಿ, ಬಿರಟೆ ಎಳೆದು ಸ್ವಿಚ್ ಒತ್ತುವುದು. ಅಷ್ಟೂ ನೀರು ಒಮ್ಮೆಲೇ ನುಗ್ಗಿ, ಸುತ್ತಿ, ನಲ್ಲಿಯ ಧಾರೆ ಎಂದೂ ಮುಟ್ಟದ ಗೋಡೆಗಳನ್ನು ತೊಳೆದುಕೊಂಡು ಹೋಗುತ್ತದೆ. ಯೂಟ್ಯೂಬಿನಲ್ಲಿ ಹಾಕಿದರೆ ಯಾರೂ ನೋಡುವುದಿಲ್ಲ.

ನಾತಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಹೇಳಿದರೆ ಬೆಂಗಳೂರಿನವರಿಗೆ ಬೇಜಾರಾಗಬಹುದು. ನಾವು ನಲ್ಲಿಯನ್ನು ಬೇಗ ನಿಲ್ಲಿಸುತ್ತೇವೆ. ದಿನ ಬಿಟ್ಟು ದಿನ ಬರುವ ಕಾವೇರಿ ನೀರು, ಬೇಸಿಗೆಯ ಟ್ಯಾಂಕರು ಕಂಡವರ ಕೈ ಅದು. ಧಾರೆ ಸುಮ್ಮನೆ ಹರಿಯುತ್ತಿದ್ದರೆ ಹೊಟ್ಟೆಯಲ್ಲಿ ಸಂಕಟ. ಯಂತ್ರದ ಗುರ್ ನಿಂತ ಕ್ಷಣವೇ ಮಾವನವರು ನಲ್ಲಿ ತಿರುಗಿಸಿಬಿಡುತ್ತಾರೆ. ಅರೆದ ಹಿಟ್ಟು ಎಲ್ಲಿಗೆ ಹೋಯಿತು? ಅರ್ಧ ಒಳಗೇ, ಇನ್ನರ್ಧ ಕೆಳಗಿನ ಬಾಗಿದ ಕೊಳವೆಯಲ್ಲಿ. ಮೋರಿಯ ಗಾಳಿ ಮನೆಗೆ ಬಾರದಿರಲೆಂದು ಆ ಬಾಗಿನಲ್ಲಿ ಸದಾ ನೀರು ನಿಂತಿರುತ್ತದೆ. ಆ ನೀರಲ್ಲೇ ನಮ್ಮ ಹುಳಿಯನ್ನ ನೆನೆಹಾಕಿಟ್ಟರೆ ಮೋರಿಯೇ ಬೇಕಾಗುವುದಿಲ್ಲ. ಅರೆದು ಮುಗಿದ ಮೇಲೂ ಹದಿನೈದು ಇಪ್ಪತ್ತು ಸೆಕೆಂಡು ನೀರು ಹರಿಯಬೇಕು, ಅದೂ ತಣ್ಣೀರು. ಬಿಸಿನೀರಿಗೆ ಜಿಡ್ಡು ಕರಗಿ, ಮುಂದೆ ಹೋಗಿ, ತಣ್ಣಗಾಗಿ, ಕೊಳವೆಯ ಗೋಡೆ ಹಿಡಿಯುತ್ತದೆ. ತಣ್ಣೀರಿಗೆ ಅದು ಗಟ್ಟಿಯಾಗಿ ಚೂರುಚೂರಾಗಿಯೇ ಕೊಚ್ಚಿಹೋಗುತ್ತದೆ. ಅತ್ತೆ ಇದಕ್ಕೆ ಅಳತೆ ಕಂಡುಕೊಂಡಿದ್ದಾರೆ: ಗಣಪತಿಯ ಶ್ಲೋಕ ಎರಡು ಸಲ. ನೀರು ಹರಿದ ಪಾಪಕ್ಕೆ ಅಲ್ಲಲ್ಲೇ ಪರಿಹಾರವೂ ಆಯಿತು.

ಕರಿದ ಎಣ್ಣೆ, ಮೈಸೂರುಪಾಕಿನ ಬಾಣಲೆಯಲ್ಲುಳಿದ ತುಪ್ಪ ಇವನ್ನಂತೂ ತಣ್ಣೀರಾಗಲಿ ಬಿಸಿನೀರಾಗಲಿ ಸಿಂಕಿಗೆ ಹುಯ್ಯಲೇಬೇಡಿ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಕೆಳಗಿನ ಚರಂಡಿಯಲ್ಲಿ ಕೊಬ್ಬು, ಒರೆಸುವ ಬಟ್ಟೆ ಎಲ್ಲ ಸೇರಿ ಕಲ್ಲಿನಂತಾಗಿ 250 ಮೀಟರ್ ಉದ್ದದ, 130 ಟನ್ ತೂಕದ ಗಡ್ಡೆ ಸಿಕ್ಕಿತ್ತು. ಅದರಲ್ಲಿ ನಮ್ಮ ನಂಟರಿಷ್ಟರ ಕೊಡುಗೆ ಎಷ್ಟೋ!

ಹಾಗಾದರೆ ಈ ಯಂತ್ರಕ್ಕೆ ಏನು ಹಾಕಬಹುದು? ಈ ಪ್ರಶ್ನೆ ಬಂದಾಗಲೇ ಗೊತ್ತಾಗುವುದು, ರಸೀನ್ ಊರಿನ ಆ ಆರ್ಕಿಟೆಕ್ಟು ಸಾರು ಹುಳಿ ತಿಂದವನಲ್ಲ ಎಂದು. ನಾರಿದ್ದದ್ದು ಕೂಡದು, ಸುತ್ತಿಕೊಳ್ಳುತ್ತದೆ. ಅಲ್ಲಿಗೆ ಅಗಿದ ನುಗ್ಗೆಕಾಯಿ, ಬಾಳೆಹಣ್ಣಿನ ಸಿಪ್ಪೆ, ದಂಟು, ಕರಿಬೇವು, ಈರುಳ್ಳಿ ಸಿಪ್ಪೆ, ಹುಣಸೆಹಣ್ಣಿನ ಗಸಿ ಎಲ್ಲ ಹೊರಗೆ. ಊದುವಂಥದ್ದು ಕೂಡದು, ಅನ್ನ, ಶಾವಿಗೆ, ಅವಲಕ್ಕಿ ಕೊಳವೆಯಲ್ಲಿ ಅಂಟಾಗಿ ಕೂರುತ್ತವೆ. ಗಟ್ಟಿ ಕೂಡದು, ಮಾವಿನ ಓಟೆ ಹೊರಗೆ. ಕಾಫಿಪುಡಿಯ ಚರಟ ನುಣ್ಣಗಿದೆಯಲ್ಲ ಎಂದು ಹಾಕಿದರೆ ಹೂಳಿನಂತೆ ಕೂರುತ್ತದೆ. ಹಲಸಿನಕಾಯಿ ಹೆಚ್ಚಿದ ದಿನ ಅದರ ಸೋನೆ ತಗಲಿದ್ದೇನಾದರೂ ಒಳಗೆ ಹೋಯಿತೋ, ಮುಗಿಯಿತು. ಇಷ್ಟೆಲ್ಲ ಪಟ್ಟಿ ಕೇಳಿ ಅತ್ತೆ ಅಂದದ್ದು: "ಇದಕ್ಕಿಂತ ನಮ್ಮೂರ ಎಮ್ಮೆ ವಾಸಿ ಕಣೇ. ಕಲಗಚ್ಚಿನ ಬಾನಿಗೆ ಏನು ಹಾಕಿದ್ರೂ ಕುಡೀತಿತ್ತು, ಮೇಲೆ ಹಾಲೂ ಕೊಡ್ತಿತ್ತು. ಇದು ಕರೆಂಟು ತಿಂದು ನಾತ ಕೊಡುತ್ತೆ." ನನ್ನ ಹತ್ತಿರ ಉತ್ತರ ಇರಲಿಲ್ಲ. ತಟ್ಟೆ ತೊಳೆಯುವಾಗ ಜಾರಿಬೀಳುವ ಚೂರುಪಾರು, ಬೇಯಿಸಿದ ತರಕಾರಿಯ ಹೋಳು, ಸಾರಿನ ತಳ ಇಷ್ಟು ಅದರ ಯೋಗ್ಯತೆ. ಸ್ವಲ್ಪ ಸ್ವಲ್ಪವೇ, ನೀರು ಹರಿಯುತ್ತಿರುವಾಗ.

ಯಂತ್ರ ಗುರ್ ಎನ್ನದೆ ಬರೀ ಗುಂಯ್ ಎಂದರೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಕೂಡಲೇ ನಿಲ್ಲಿಸಿ, ಪ್ಲಗ್ ಕಿತ್ತು, ಟಾರ್ಚ್ ಬಿಟ್ಟು ನೋಡಿ, ಉದ್ದ ಚಿಮಟದಲ್ಲಿ ತೆಗೆಯಿರಿ. ಕೈ ಹಾಕಬಾರದು, ವಜ್ರದ ಮೂಗುಬೊಟ್ಟೇ ಬಿದ್ದಿದ್ದರೂ. ಎಷ್ಟೋ ಮಾದರಿಗಳಲ್ಲಿ ತಳದ ನಟ್ಟನಡುವೆ ಆರುಮೂಲೆಯ ತೂತಿರುತ್ತದೆ. ಅಲೆನ್ ಕೀ ಹಾಕಿ ಹಿಂದೆ ಮುಂದೆ ಅಲುಗಿಸಿದರೆ ತಟ್ಟೆ ಸಡಿಲವಾಗುತ್ತದೆ. ಅಲ್ಲೇ ಪಕ್ಕದಲ್ಲಿ ಪುಟ್ಟ ಕೆಂಪು ಗುಂಡಿ, ಅದನ್ನೊತ್ತಿದರೆ ಮತ್ತೆ ಜೀವ. ಈ ಕೆಂಪು ಗುಂಡಿ ಒತ್ತಲು ಪ್ಲಂಬರನ್ನು ಕರೆಸಿ ಬಿಲ್ ಕೊಟ್ಟ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಹೆಸರು ಹೇಳುವುದಿಲ್ಲ, ಯುಗಾದಿಗೆ ಅಲ್ಲಿಗೇ ಹೋಗಬೇಕು.

ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಅದರ ಕೆಲಸ ಈಗ ಅರ್ಧಕ್ಕರ್ಧ ಕಡಿಮೆ. 2022ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾನೂನು ಜಾರಿಗೆ ಬಂದಿದೆ. ಅಡುಗೆಮನೆಯ ಕಸವನ್ನು ಬೇರೆ ಮಾಡಿ ಕೊಡಬೇಕು, ಅದು ಗೊಬ್ಬರಕ್ಕೆ, ಗ್ಯಾಸಿಗೆ ಹೋಗುತ್ತದೆ. ನಮ್ಮ ಕಡೆ ಅದಕ್ಕೆ ಹಸಿರು ಡಬ್ಬಿ. ಮಾವನವರಿಗೆ ಇದನ್ನು ಹೇಳಿದ್ದೇ ತಡ, "ಇದಕ್ಕೆ ನಿಮ್ಮ ಅಮೆರಿಕ 2022ರವರೆಗೆ ಕಾಯ್ತಾ? ನಮ್ಮ ಬೆಂಗಳೂರಲ್ಲಿ ಹಸಿ ಕಸ ಒಣ ಕಸ 2012ರಲ್ಲೇ ಶುರುವಾಗಿದೆ!" ಎಂದರು. "ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2009ರಲ್ಲೇ ಮಾಡಿದ್ದಾರೆ ಅಪ್ಪಾ" ಎಂದು ಮಗ. ಶುರುವಾದದ್ದು ಸರಿ, ಬೆಂಗಳೂರಿನ ತಿರುವುಗಳಲ್ಲಿ ಮುಗಿಯಿತೇ ಎಂದು ನಾನು ಕೇಳಲಿಲ್ಲ. ಸೊಸೆಗೆ ಯಾವಾಗ ಬಾಯಿ ಮುಚ್ಚಿಕೊಳ್ಳಬೇಕೆಂದು ಗೊತ್ತಿರಬೇಕು.

ಹಸಿರು ಡಬ್ಬಿಯದೂ ಒಂದು ತೊಡಕಿದೆ. ಲಾರಿ ಬರುವುದು ವಾರಕ್ಕೊಮ್ಮೆ. ಅಲ್ಲಿಯವರೆಗೆ ಸಿಪ್ಪೆಗಳನ್ನು ಒಳಗಿಟ್ಟರೆ ಸಿಂಕಿನ ನಾತ ಹೋಗಿ ಡಬ್ಬಿಯ ನಾತ ಬಂತು ಅಷ್ಟೆ. ಅದಕ್ಕೆ ಇಲ್ಲಿಯವರು ಅವನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡುತ್ತಾರೆ. ಹೆಪ್ಪುಗಟ್ಟಿದ್ದು ಕೊಳೆಯುವುದಿಲ್ಲ, ಲಾರಿ ಬರುವ ದಿನ ತೆಗೆದು ಹಾಕಿದರಾಯಿತು. ನಾನೂ ಇಡತೊಡಗಿದೆ. ಒಂದು ಬೆಳಿಗ್ಗೆ ಇಡ್ಲಿ ಹಬೆಯಲ್ಲಿದೆ, ಅತ್ತೆ ಚಟ್ನಿಗೆಂದು ಫ್ರೀಜರ್ ತೆಗೆದು ಕೂಗಿದರು: "ಏನೇ ಇದು, ತೆಂಗಿನತುರಿ ಪಕ್ಕ ಬಾಳೆಹಣ್ಣಿನ ಸಿಪ್ಪೆ! ಕಸಕ್ಕೂ ಫ್ರಿಜ್ಜಾ?" ಮಡಿ ಮುಸುರೆಯ ಪಂಚಾಯಿತಿ ಊಟದ ಹೊತ್ತಿನವರೆಗೂ ನಡೆಯಿತು. ಕೊನೆಗೆ ಮಾವನವರು ತಮ್ಮ ಕಚೇರಿ ಅಕ್ಷರದಲ್ಲಿ ಚೀಟಿ ಬರೆದು ಎರಡು ಅರೆಗೂ ಅಂಟಿಸಿದರು. ಮೇಲಿನದು "ಚಟ್ನಿಗೆ", ಕೆಳಗಿನದು "ಕಸಕ್ಕೆ". ಅತ್ತೆ ಈಗಲೂ "ಚಟ್ನಿಗೆ" ಎಂದಿರುವುದನ್ನು ಒಮ್ಮೆ ಮೂಸಿ ನೋಡಿಯೇ ಮಿಕ್ಸಿಗೆ ಹಾಕುವುದು.